ಇಂದ್ರನ ಬಿಟ್ಟಿ ಆಳುಗಳು

ಸ್ವರ್ಗ ನಡೆಯುತ್ತಿರುವುದೇ ಹೆಣ್ಣುಗಳ ಬಿಟ್ಟಿ ದುಡಿಮೆಯ ಮೇಲೆ. ಭೂಮಿಯ ಮೇಲೆ ಯಾವನೋ ಒಬ್ಬ ಕಣ್ಣು ಮುಚ್ಚಿ ತಪಸ್ಸಿಗೆ ಕೂತ ಅಂದರೆ ಸಾಕು, ಇಂದ್ರನಿಗೆ ಕುರ್ಚಿಯ ಭಯ ಹತ್ತಿಕೊಳ್ಳುತ್ತದೆ. ಕೈಯಲ್ಲಿ ವಜ್ರಾಯುಧ ಇದ್ದರೂ ತಾನು ಹೋಗುವವನಲ್ಲ. ಮೇನಕೆಯನ್ನು ಕಳಿಸುತ್ತಾನೆ, ಅವಳಾದ ಮೇಲೆ ರಂಭೆಯನ್ನು. ಹೋದವಳಿಗೆ ಕೂಲಿ ಎಷ್ಟು? ಬಸಿರಾದರೆ ಬಾಣಂತನ ಎಲ್ಲಿ? ಶಾಪ ತಗುಲಿದರೆ ನೋಡಿಕೊಳ್ಳುವವರು ಯಾರು? ಇದನ್ನೆಲ್ಲ ಕೇಳಿದ ಕವಿ ನನಗಂತೂ ಸಿಕ್ಕಿಲ್ಲ.

ಅಪ್ಸರೆಯರು ದೇವಕನ್ಯೆಯರು, ಅವರನ್ನು ಸೂಳೆಯರ ಸಾಲಿಗೆ ಸೇರಿಸಬೇಡಿ ಎಂದು ಸಿಟ್ಟಾಗುವವರಿದ್ದರೆ ಮನೆಯಲ್ಲಿರುವ ಅಮರಕೋಶ ತೆಗೆದು ನೋಡಲಿ. ಊರ್ವಶಿ ಮೊದಲಾದವರು ಸ್ವರ್ಗದ ವೇಶ್ಯೆಯರು ಎಂದು ಅದರಲ್ಲೇ ಇದೆ. ಜಗಳವಾಡುವುದಾದರೆ ಅಮರಸಿಂಹನ ಹತ್ತಿರ ಆಡಿ.

ರಾಮನಗರದ ರಾಮದೇವರ ಬೆಟ್ಟಕ್ಕೆ ವನವಾಸದಲ್ಲಿ ರಾಮ ಬಂದಿದ್ದ ಎಂದು ನಮ್ಮ ಕಡೆ ಜನ ನಂಬುತ್ತಾರೆ. ನಂಬಲಿ. ನನಗೆ ಆ ಬಂಡೆಗಳನ್ನು ಕಂಡಾಗಲೆಲ್ಲ ರಂಭೆಯ ನೆನಪು. ವಾಲ್ಮೀಕಿಯ ಬಾಲಕಾಂಡದಲ್ಲಿ ಅವಳು ಇಂದ್ರನಿಗೆ ಕೈಮುಗಿದು ಹೇಳುತ್ತಾಳೆ: ಆ ವಿಶ್ವಾಮಿತ್ರ ಮಹಾ ಕೋಪಿಷ್ಠ, ನನಗೆ ಭಯ, ಬೇಡ. ಇಂದ್ರ ಬಿಡುವುದಿಲ್ಲ. ಹೋಗು, ನಾನು ಕೋಗಿಲೆಯಾಗಿ ಮರದ ಮೇಲೆ ನಿನ್ನ ಜೊತೆಗೇ ಇರುತ್ತೇನೆ ಅನ್ನುತ್ತಾನೆ. ಅವಳು ಹೋದಳು. ಮುನಿ ಶಪಿಸಿದ. ರಂಭೆ ಹತ್ತು ಸಾವಿರ ವರ್ಷಕ್ಕೆ ಕಲ್ಲಾದಳು. ಕೋಗಿಲೆ ಜಾಗ ಖಾಲಿ ಮಾಡಿತು.

ಉತ್ತರಕಾಂಡದಲ್ಲಿ ಅದೇ ರಂಭೆಯನ್ನು ರಾವಣ ಅಡ್ಡಗಟ್ಟುತ್ತಾನೆ. ನಾನು ನಿನ್ನ ಅಣ್ಣ ಕುಬೇರನ ಮಗನವಳು, ನಿನಗೆ ಸೊಸೆಯಾಗಬೇಕು ಎಂದು ಅವಳು ಅಂಗಲಾಚುತ್ತಾಳೆ. ಅಪ್ಸರೆಯರಿಗೆ ಎಲ್ಲಿಯ ಗಂಡ ಎಂದು ರಾವಣ ನಗುತ್ತಾನೆ. ಮೈ ಮಾರುವವಳಿಗೆ ಅತ್ಯಾಚಾರ ಅನ್ನುವುದೇ ಇಲ್ಲ ಎಂಬ ಈ ವಾದವನ್ನು ಇವತ್ತು ಯಾವ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ನಿಂತರೂ ಕೇಳಬಹುದು. ಆಮೇಲೆ ಆ ಕುಬೇರನ ಮಗ ನಳಕೂಬರ ಶಾಪ ಕೊಟ್ಟ: ಒಲ್ಲದ ಹೆಣ್ಣನ್ನು ಮುಟ್ಟಿದರೆ ರಾವಣನ ತಲೆ ಏಳು ಹೋಳಾಗುತ್ತದೆ. ಲಂಕೆಯಲ್ಲಿ ಸೀತೆಯನ್ನು ಕಾದದ್ದು ಆ ಶಾಪ. ಅಂದರೆ ರಂಭೆಯ ಮೈಮೇಲೆ ನಡೆದದ್ದರಿಂದ ಸೀತೆಯ ಮಾನ ಉಳಿಯಿತು. ಸೀತೆಗೆ ಊರೂರಿಗೆ ಗುಡಿ ಇದೆ. ರಂಭೆ ಆ ದಾರಿಯಿಂದ ಎದ್ದು ಎಲ್ಲಿಗೆ ಹೋದಳು, ಹೇಗೆ ಬದುಕಿದಳು ಎಂದು ಹರಿಕಥೆ ದಾಸರನ್ನು ಕೇಳಿ ನೋಡಿ, ಚಿಟಿಕೆ ತಾಳ ನಿಂತುಹೋಗುತ್ತದೆ.

ಸಂಸ್ಕೃತದವರು ಹಾಗೆ, ನಮ್ಮ ಕನ್ನಡ ಬೇರೆ ಎನ್ನುತ್ತೀರಾ? ಪಂಪನ ಬಳಿಗೆ ಬನ್ನಿ. 941ರ ಆದಿಪುರಾಣದಲ್ಲಿ ನೀಲಾಂಜನೆಯ ಕುಣಿತ ಇದೆ. ಎಂಥ ಪದ್ಯಗಳು! ಓದುತ್ತಿದ್ದರೆ ಗೆಜ್ಜೆ ಕಿವಿಯಲ್ಲೇ ಕೇಳುತ್ತದೆ, ಅದನ್ನು ಇಲ್ಲ ಅನ್ನುವ ಮೂರ್ಖತನ ನನ್ನದಲ್ಲ. ಆದರೆ ಕತೆ ನೋಡಿ. ಮುಂದೆ ಮೊದಲ ತೀರ್ಥಂಕರನಾಗಬೇಕಾದ ಆದಿದೇವ ರಾಜ್ಯಭೋಗದಲ್ಲಿ ಮುಳುಗಿದ್ದಾನೆ, ಅವನಿಗೆ ವೈರಾಗ್ಯ ಹುಟ್ಟಬೇಕು. ಇಂದ್ರ ದೇವನರ್ತಕಿಯರಲ್ಲಿ ಹುಡುಕಿ ಹುಡುಕಿ ನೀಲಾಂಜನೆಯನ್ನು ಆರಿಸುತ್ತಾನೆ. ಯಾಕೆ? ಅವಳ ಆಯುಷ್ಯ ಮುಗಿಯುತ್ತಾ ಬಂದಿತ್ತು, ಅದಕ್ಕೆ. ಇನ್ನೇನು ಸಾಯುವವಳು ಎಂದು ಗೊತ್ತಿದ್ದೇ ಅವಳನ್ನು ಸಭೆಗೆ ಬಿಟ್ಟ. ಅವಳಿಗೆ ಹೇಳಿದನೇ? ಇಲ್ಲ. ಕುಣಿಯುತ್ತಾ ಕುಣಿಯುತ್ತಾ ಅವಳು ಮಿಂಚಿನಂತೆ ಮಾಯವಾದಳು. ರಸಭಂಗವಾಗಬಾರದು ಎಂದು ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಂದು ರೂಪ ನಿಲ್ಲಿಸಿದ. ತಾಳ ತಪ್ಪಲಿಲ್ಲ. ಸಭೆಗೆ ತಿಳಿಯಲಿಲ್ಲ. ಆದಿದೇವನೊಬ್ಬ ಗಮನಿಸಿದ, ಅವನಿಗೆ ಸಂಸಾರ ನಶ್ವರವೆನಿಸಿತು, ಎದ್ದು ತಪಸ್ಸಿಗೆ ಹೋದ.

ನಮ್ಮ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವುದನ್ನು ಕಂಡವರಿಗೆ ಇದು ಗೊತ್ತು. ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ಕಡಿಯುತ್ತದೆ. ಅದಕ್ಕೇ ಹುಳು ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ. ನೀಲಾಂಜನೆಯನ್ನು ಇಂದ್ರ ಬೇಯಿಸಿದ್ದು ಹೀಗೆ, ಎಳೆ ಕಡಿಯದಂತೆ. ಸಾವಿರ ವರ್ಷದಿಂದ ಪಂಡಿತರು ಆ ಪಟ್ಟೆಯನ್ನು ಹೊದ್ದುಕೊಂಡು ಜೀವನದ ಕ್ಷಣಿಕತೆಯ ಪಾಠ ಹೇಳುತ್ತಿದ್ದಾರೆ. ಕ್ಲಾಸಿನಲ್ಲಿ ಪ್ರಶ್ನೆ ಬರುವುದು ಆದಿದೇವನ ವೈರಾಗ್ಯದ ಬಗ್ಗೆ, ಎಂಟು ಅಂಕಕ್ಕೆ. ಆ ಎರಡನೆಯವಳು, ಸತ್ತವಳ ಜಾಗದಲ್ಲಿ ಕುಣಿತ ಮುಂದುವರಿಸಿದವಳು, ಸಭೆ ಮುಗಿದ ಮೇಲೆ ಏನಾದಳು? ಅವಳಿಗೂ ಜೀವ ಇತ್ತೋ, ಬರೀ ರೂಪವೋ? ಈ ಪ್ರಶ್ನೆ ಅರ್ಧ ಅಂಕಕ್ಕೂ ಬಂದದ್ದಿಲ್ಲ.

ಹೆಣ್ಣಿನ ಸಾವಿನಿಂದ ನಾಯಕನಿಗೆ ಅರಿವು ಮೂಡಿಸುವ ಈ ಉಪಾಯ ಅಮೆರಿಕದವರಿಗೆ ಹೊಳೆಯಲು 1982 ಆಗಬೇಕಾಯಿತು. ಬ್ಲೇಡ್ ರನ್ನರ್ ಎಂಬ ಸಿನಿಮಾ. 2019ರ ನವೆಂಬರ್‌ನಲ್ಲಿ ನಡೆಯುವ ಕತೆ; ಆ 2019 ಬಂದೂ ಹೋಯಿತು. ಮನುಷ್ಯರಂತೆಯೇ ಇರುವ ಯಂತ್ರಜೀವಿಗಳನ್ನು ಕಂಪನಿಯೊಂದು ತಯಾರಿಸುತ್ತದೆ, ನಾಲ್ಕೇ ವರ್ಷದ ಆಯುಷ್ಯ ತುಂಬಿ. ಪ್ರಿಸ್ ಎಂಬವಳನ್ನು ತಯಾರಿಸಿದ್ದೇ ಗಂಡಸರ ಸುಖಕ್ಕೆ. ಜೋರಾ ಎಂಬವಳು ಹಾವು ಹಿಡಿದು ಕುಣಿದು ಹೊಟ್ಟೆ ಹೊರೆಯುತ್ತಾಳೆ. ನಾಯಕ ಇಬ್ಬರನ್ನೂ ಗುಂಡಿಟ್ಟು ಕೊಲ್ಲುತ್ತಾನೆ. ಜೋರಾ ಗಾಜುಗಳನ್ನು ಒಡೆದುಕೊಂಡು ಓಡುತ್ತಾಳೆ, ಅವನು ಬೆನ್ನಿಗೆ ಹೊಡೆಯುತ್ತಾನೆ, ಕ್ಯಾಮೆರಾ ಅದನ್ನು ನಿಧಾನವಾಗಿ, ಚೆಂದವಾಗಿ ತೋರಿಸುತ್ತದೆ. ಕೊಂದು ಕೊಂದು ನಾಯಕನಿಗೆ ಮನುಷ್ಯತ್ವ ಅಂದರೇನು ಎಂಬ ಅರಿವು ಮೂಡುತ್ತದೆ. ಆದಿದೇವನಾದರೂ ಕೊಲ್ಲಲಿಲ್ಲ, ಪಾಪ.

ಗೇಮ್ ಆಫ್ ಥ್ರೋನ್ಸ್ ನೋಡದ ಹುಡುಗರು ನಮ್ಮ ತಾಲ್ಲೂಕುಗಳಲ್ಲೂ ಈಗ ಕಡಿಮೆ. ಅದರಲ್ಲಿ ರಾಸ್ ಎಂಬ ಸೂಳೆ ಮೂಲ ಕಾದಂಬರಿಯಲ್ಲಿ ಇಲ್ಲದವಳು, ಟೀವಿಯವರು ಸೇರಿಸಿದ್ದು. ದೊಡ್ಡ ಮನುಷ್ಯರು ತಮ್ಮ ಸಂಚುಗಳನ್ನು ಬಿಚ್ಚಿ ಹೇಳಿಕೊಳ್ಳಲು ಬೆತ್ತಲೆ ಮೈಯೊಂದು ಪಕ್ಕದಲ್ಲಿ ಬೇಕಿತ್ತು. ಕೆಲಸ ಮುಗಿದ ಮೇಲೆ 2013ರಲ್ಲಿ ಅವಳನ್ನು ಹಾಸಿಗೆಗೆ ಕಟ್ಟಿ ಬಾಣ ನೆಟ್ಟರು. ಮಾರನೆಯ ವರ್ಷ ಶೇ ಎಂಬವಳ ಕತ್ತು ಹಿಸುಕಿಸಿದರು, ಅದೂ ನೋಡುವವರೆಲ್ಲ ಮೆಚ್ಚಿದ ಜಾಣ ಕುಳ್ಳನ ಕೈಯಲ್ಲಿ. ಬೆಂಕಿ ಉಗುಳುವ ಡ್ರ್ಯಾಗನ್‌ಗಳನ್ನು ಕಲ್ಪಿಸಿಕೊಂಡ ತಲೆಗಳಿಗೆ ಮುಪ್ಪಿನ ತನಕ ಬದುಕಿದ ಒಬ್ಬ ಸೂಳೆಯನ್ನು ಕಲ್ಪಿಸಿಕೊಳ್ಳಲು ಆಗಲಿಲ್ಲ.

ನಮ್ಮ ಹೊಸಗಾಲದವರು ಸೌಮ್ಯವಾಗಿ ಅದನ್ನೇ ಮಾಡಿದರು. ಗಿರೀಶ ಕಾರ್ನಾಡರ ನಾಗಮಂಡಲ, 1988. ಎ.ಕೆ. ರಾಮಾನುಜನ್ ಹೇಳಿದ ಜನಪದ ಕತೆಗಳಿಂದ ಹುಟ್ಟಿದ ನಾಟಕ, ನಾಗಾಭರಣರು ಸಿನಿಮಾ ಮಾಡಿದ್ದು 1997ರಲ್ಲಿ. ರಾಣಿ ಎಂಬ ಹೆಣ್ಣಿನ ಬಳಿಗೆ ಹಾವು ಅವಳ ಗಂಡನ ರೂಪ ತಾಳಿ ಬರುತ್ತದೆ, ದೀಪದ ಕುಡಿಗಳು ಮಾತಾಡುತ್ತವೆ. ರಾಣಿಯ ಒಂಟಿತನ, ಅವಳ ಮೈಯ ಬಯಕೆ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿದೆ, ಅದಕ್ಕೆ ಕಾರ್ನಾಡರಿಗೆ ಶರಣು. ಆದರೆ ಅವಳ ಗಂಡ ಅಪ್ಪಣ್ಣ ದಿನಾ ಹೋಗುತ್ತಿದ್ದ ಆ ಇನ್ನೊಬ್ಬಳು, ಅವನ ಸೂಳೆ? ರಾಣಿ ಹುತ್ತಕ್ಕೆ ಕೈಯಿಟ್ಟು ದಿವ್ಯ ಗೆದ್ದದ್ದನ್ನು ಕಂಡು ಅವಳಿಗೆ ತನ್ನ ಬದುಕಿನ ಬಗ್ಗೆ ನಾಚಿಕೆಯಾಗಿ, ತಾನಾಗಿಯೇ ಬಂದು ರಾಣಿಯ ಮನೆಗೆ ನೀರು ಹೊರುವ ಆಳಾಗುತ್ತಾಳಂತೆ. ನಾಟಕ ಕೊಂಚ ನಗುತ್ತಲೇ ಹೇಳುತ್ತದೆ, ನನಗೆ ನಗು ಬರುವುದಿಲ್ಲ. ಹಾವಿಗೆ ಕೂಡ ಪ್ರೀತಿಯ ಸಾವು ಸಿಕ್ಕಿತು. ಸೂಳೆಗೆ ಸಿಕ್ಕಿದ್ದು ಕೊಡ, ಸಂಬಳವಿಲ್ಲದೆ.

ಅಂಥ ಹೆಣ್ಣುಗಳೇ ಬರೆದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. ಹದಿನೆಂಟನೆಯ ಶತಮಾನದ ತಂಜಾವೂರಿನ ದೇವದಾಸಿ ಮುದ್ದುಪಳನಿ ತೆಲುಗಿನಲ್ಲಿ ರಾಧಿಕಾ ಸಾಂತ್ವನ ಬರೆದಳು. ಅದರಲ್ಲಿ ರಾಧೆ ತನಗೇನು ಬೇಕೋ ಅದನ್ನು ಕೃಷ್ಣನ ಹತ್ತಿರ ಕೇಳಿ ಪಡೆಯುತ್ತಾಳೆ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ, ಆಕೆಯೂ ದೇವದಾಸಿ ಕುಲದವರು, 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಮರುವರ್ಷವೇ ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ಮುಟ್ಟುಗೋಲು ಹಾಕಿತು. ನಿಷೇಧ ಹೋದದ್ದು 1947ರಲ್ಲಿ. ಗಂಡಸರು ಅಪ್ಸರೆಯರ ಮೊಲೆ ತೊಡೆಗಳನ್ನು ಅಳೆದು ಬರೆದದ್ದೆಲ್ಲ ಮಹಾಕಾವ್ಯವಾಗಿ ಲೈಬ್ರರಿಯಲ್ಲೇ ಇತ್ತು.

ಇದೆಲ್ಲ ಪುಸ್ತಕದ ಮಾತು, ಊರಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಮಾಗಡಿ, ಚನ್ನಪಟ್ಟಣದ ಕಡೆ ಹಬ್ಬ ಜಾತ್ರೆ ಬಂದರೆ ರಾತ್ರಿಯಿಡೀ ಕುರುಕ್ಷೇತ್ರ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರುತ್ತಾರೆ. ದುರ್ಯೋಧನ, ಭೀಮ, ಕೃಷ್ಣ ಎಲ್ಲರೂ ಊರ ಗಂಡಸರೇ. ಪಾತ್ರಕ್ಕೆ ದುಡ್ಡು ಕಟ್ಟಿ ಕಿರೀಟ ಇಟ್ಟುಕೊಳ್ಳುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿಯರು ಮಾತ್ರ ಹೊರಗಿನಿಂದ ಬರಬೇಕು, ಕೂಲಿಗೆ. ಅಂಥ ಒಂದು ನಾಟಕದಲ್ಲಿ ನಾನು ನೋಡಿದ್ದೇನೆ. ಬಣ್ಣದ ಮನೆ ಅಂದರೆ ಸ್ಕೂಲಿನ ರೂಮು, ಕಿಟಕಿಗೆ ಬಾಗಿಲಿಲ್ಲ. ದ್ರೌಪದಿ ಬೆಡ್‌ಶೀಟು ಅಡ್ಡ ಹಿಡಿಸಿಕೊಂಡು ಸೀರೆ ಬದಲಿಸುತ್ತಿದ್ದರೆ ಹೊರಗೆ ಮೊಬೈಲು ಟಾರ್ಚಿನ ಬೆಳಕು. ಸ್ಟೇಜಿನ ಮೇಲೆ ಅವಳು ಮುಡಿ ಬಿಚ್ಚಿ ನಿಂತು ಕೃಷ್ಣನನ್ನು ಕೇಳುವಾಗ ಊರ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಅಳಿಸಿದ ಬಣ್ಣದಲ್ಲೇ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ರಾತ್ರಿ ಪಾಂಡವರ ಕಡೆ ಗದೆ ಹೊತ್ತಿದ್ದ ಯಜಮಾನ ಬಂದು, 'ನಂಬರ್ ಕೊಡಮ್ಮ' ಅಂದ. ಅವಳು ತಲೆ ಎತ್ತದೆ, 'ನಾಟಕಕ್ಕಾದ್ರೆ ಮೇಷ್ಟ್ರನ್ನ ಕೇಳಿ ಅಣ್ಣ. ಬಸ್ ಚಾರ್ಜು ಬೇರೆ ಕೊಡ್ತೀವಿ ಅಂದಿದ್ರಿ, ಅದು ಬರ್ಲಿಲ್ಲ' ಅಂದಳು. ಅವನು ಹಲ್ಲು ಕಿಸಿದು ಹೋದ. ದುಡ್ಡು ಕೊಟ್ಟು ಬಣ್ಣ ಹಚ್ಚಿಕೊಂಡವನು ಕಲಾಭಿಮಾನಿ, ದುಡ್ಡು ತಗೊಂಡು ಹಚ್ಚಿಕೊಂಡವಳು 'ಅಂಥವಳು'. ಆ ಅಂಥವಳನ್ನು ಅವನ ತಲೆಗೆ ತುಂಬಿದ್ದು ಇಂದ್ರನ ಸಭೆಯೇ.

ನಮ್ಮ ಬಂಡಾಯದ ಗಂಡಸರೂ ಕಡಿಮೆಯೇನಿಲ್ಲ. ಜಾತಿ ಬಗ್ಗೆ, ಜಮೀನ್ದಾರನ ಬಗ್ಗೆ ಬೆಂಕಿ ಕಾರಿದವರು, ಶಾಸಕನೊಬ್ಬ ಪಕ್ಷ ಬದಲಿಸಿದ ಕೂಡಲೇ ಅವನನ್ನು ಸೂಳೆಗೆ ಹೋಲಿಸಿ ಪದ್ಯ ಬರೆಯುತ್ತಾರೆ. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯನ್ನು ಇವರು ಓದಿಲ್ಲ. ನಿರ್ಲಜ್ಜೇಶ್ವರ ಎಂಬ ಅಂಕಿತದ ಅವಳ ವಚನ ಉಳಿದಿರುವುದು ಒಂದೇ. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯುವವಳಲ್ಲ ತಾನು ಎಂದು, ತನ್ನ ಕಸುಬಿನ ನಿಯತ್ತನ್ನೇ ಇಟ್ಟುಕೊಂಡು ಭಕ್ತಿಯ ಮಾತಾಡುತ್ತಾಳೆ. ಅವಳು ಸಾಯುವುದಿಲ್ಲ, ಕಲ್ಲಾಗುವುದಿಲ್ಲ, ಯಾರ ಮನೆಗೂ ನೀರು ಹೊರುವುದಿಲ್ಲ. ಇನ್ನು ನಮ್ಮ ಬಿಡದಿಯ ಈಗಲ್‌ಟನ್ ರೆಸಾರ್ಟನ್ನು ನೆನೆಸಿಕೊಳ್ಳಿ. 2017ರಲ್ಲಿ ಗುಜರಾತಿನ ಶಾಸಕರನ್ನು, 2018ರಲ್ಲಿ ನಮ್ಮವರನ್ನೇ, ಬೇರೆಯವರ ಒತ್ತೆಗೆ ಕೈ ಚಾಚಿಯಾರು ಎಂಬ ಭಯಕ್ಕೆ ಅವರ ಪಕ್ಷದವರೇ ಅಲ್ಲಿ ತಂದು ಕಾವಲು ಹಾಕಿದ್ದರು. ಸಂಕವ್ವೆಗೆ ಕಾವಲು ಬೇಕಿರಲಿಲ್ಲ. ಇಂಥವರಿಗೆ ಅವಳ ಹೋಲಿಕೆ ಕೊಡುವ ಕವಿ ಮೊದಲು ಅವಳ ಕ್ಷಮೆ ಕೇಳಬೇಕು.

ಕತೆಗಾರರಿಗಿಂತ ಕೋರ್ಟು ಹೆಚ್ಚು ಕಲ್ಪನೆ ತೋರಿಸಿದೆ ಎಂದು ಹೇಳಲು ನನಗೆ ಸಂಕಟವಾಗುತ್ತದೆ. 1999ರಲ್ಲಿ ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಾಯಿತು. ಕೊಂದವನ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ವಜಾ ಮಾಡಿತು. ಅಲ್ಲಿಗೆ ಫೈಲು ಮುಚ್ಚದೆ, ಇಂಥ ಹೆಣ್ಣುಗಳು ಬದುಕುವುದು ಹೇಗೆ ಎಂದು ತಾನೇ ವಿಚಾರಣೆ ಮುಂದುವರಿಸಿತು. ಕೋವಿಡ್ ಬಂದಾಗ, 2020ರ ಸೆಪ್ಟೆಂಬರ್‌ನಲ್ಲಿ, ಗುರುತಿನ ಚೀಟಿ ಕೇಳದೆ ಅವರಿಗೆ ರೇಷನ್ ಕೊಡಿ ಎಂದಿತು. 2022ರ ಮೇ 19ರಂದು, ಪೊಲೀಸರು ಅವರನ್ನು ಬಯ್ಯಬಾರದು, ಹೊಡೆಯಬಾರದು, ಪತ್ರಿಕೆ ಟೀವಿಯವರು ಮುಖ ತೋರಿಸಬಾರದು, ಅವರಿಗೆ ಆಧಾರ್ ಕೊಡಬೇಕು ಎಂದು ಆದೇಶವಾಯಿತು. ಸತ್ತವಳೊಬ್ಬಳಿಂದ ಇದ್ದವರಿಗೆ ಅಕ್ಕಿ ಬೇಳೆ ಸಿಕ್ಕಿತು. ಆದೇಶ ಎಲ್ಲ ಠಾಣೆಗೂ ಮುಟ್ಟಿದೆಯೇ ಎಂದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಲ್ಲುವ ಹೆಂಗಸರನ್ನು ಕೇಳಬೇಕು.

ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ, ರಾಮನಗರದಿಂದ ದಿನಾ ರೈಲು ಹತ್ತುವ ಬೋಗಿಗಳಲ್ಲಿ, ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ಕನ್ನಡದ ವಿಜ್ಞಾನ ಕತೆ, ಮಾಯಾಲೋಕದ ಕತೆ ಬರೆಯುತ್ತಿರುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಗ್ರಹಕ್ಕೆ ಎರಡು ಸೂರ್ಯರಿರಲಿ, ನಿಮ್ಮ ಊರಿನ ಮರಗಳು ಮಾತಾಡಲಿ. ಅಲ್ಲಿ ಮೈ ಮಾರುವವಳು ಒಬ್ಬಳಿದ್ದರೆ ದರವನ್ನು ಅವಳೇ ಹೇಳಲಿ. ಬೇಡ ಅನಿಸಿದವನ ಮುಖಕ್ಕೆ ಬಾಗಿಲು ಹಾಕಲಿ. ಸಂಘ ಕಟ್ಟಲಿ, ಮಗಳ ಫೀಸು ಕಟ್ಟಲಿ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನ ತನಕ ಬದುಕಲಿ. ನಿಮ್ಮ ನಾಯಕನಿಗೆ ಜ್ಞಾನೋದಯ ಆಗಲೇಬೇಕಿದ್ದರೆ ಅದಕ್ಕೆ ಬೇರೆ ದಾರಿ ಹುಡುಕಿಕೊಳ್ಳಿ.