‘ಹೊಡೆದಿಲ್ಲ ತಾನೆ?’ ಅಂತ ಕೇಳೋದನ್ನ ಬಿಡೋಣ

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲಿನ ಭಾನುವಾರ. ರೆಡೊಂಡೊ ಬೀಚಿನ ವೆಟರನ್ಸ್ ಪಾರ್ಕಿನಲ್ಲಿ ನಾವು ಏಳೆಂಟು ಕನ್ನಡದ ಮನೆಯವರು ಸೇರಿದ್ದೆವು. ಚಿತ್ರಾನ್ನ, ಕೋಸಂಬರಿ, ಯಾರೋ ಆರ್ಟೀಷಿಯಾದಿಂದ ತಂದ ಸ್ವೀಟು. ಊಟ ಮುಗಿದು ನಾನು ತಟ್ಟೆ ಎಸೆಯೋಕೆ ಎದ್ದಾಗ ಒಬ್ಬಳು ಹುಡುಗಿ ನನ್ನ ಹಿಂದೆಯೇ ಬಂದಳು. ಮದುವೆಯಾಗಿ ಅಮೆರಿಕಕ್ಕೆ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಎಚ್-4 ವೀಸಾ, ಅಂದರೆ ಗಂಡನ ಕೆಲಸದ ವೀಸಾದ ಬಾಲಂಗೋಚಿ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.)

“ಅಕ್ಕ, ನನ್ನ ಪಾಸ್‌ಪೋರ್ಟ್ ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ” ಅಂದಳು. ಆಮೇಲೆ ಒಂದೊಂದಾಗಿ ಹೇಳಿದಳು. ಫೋನಿನಲ್ಲಿ ಲೊಕೇಶನ್ ಆಫ್ ಮಾಡೋ ಹಾಗಿಲ್ಲ. ಅಮ್ಮನ ಜೊತೆ ಮಾತಾಡೋದು ಸ್ಪೀಕರ್ ಹಾಕಿಯೇ. ದಿನಸಿ ತಂದರೆ ಬಿಲ್ಲು ಒಪ್ಪಿಸಬೇಕು. ಜಗಳ ಬಂದಾಗಲೆಲ್ಲ ಒಂದೇ ಮಾತು: “ನಾಳೆ ಬೆಳಿಗ್ಗೆ ವೀಸಾ ಕ್ಯಾನ್ಸಲ್ ಮಾಡಿಸಿ ವಾಪಸ್ ಕಳಿಸ್ತೀನಿ.”

ನಾನು ಕೇಳಿದ ಮೊದಲ ಪ್ರಶ್ನೆ: “ಹೊಡೀತಾರಾ?”

“ಇಲ್ಲಕ್ಕ. ಒಂದ್ಸಲನೂ ಕೈ ಎತ್ತಿಲ್ಲ.”

ನಿಜ ಹೇಳ್ತೀನಿ, ಆ ಕ್ಷಣ ನನಗೆ ನಿರಾಳ ಆಯ್ತು. “ಹಾಗಾದ್ರೆ ಕೂತು ಮಾತಾಡಿ ಸರಿಮಾಡ್ಕೋಬಹುದು ಬಿಡು” ಅಂದೆ. ಅವಳು ತಲೆ ಆಡಿಸಿ ವಾಪಸ್ ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಆಮೇಲೆ ಎಷ್ಟೋ ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಈ ಬರಹ ಆ ಪ್ರಶ್ನೆಯ ವಿರುದ್ಧ. ನಾನು ಕೇಳಿದ್ದು ನನ್ನ ಪ್ರಶ್ನೆ ಅಂತ ಅಂದುಕೊಂಡಿದ್ದೆ. ಓದುತ್ತಾ ಹೋದಾಗ ಗೊತ್ತಾಯ್ತು, ಅದು ನೂರಾ ಅರವತ್ತು ವರ್ಷ ಹಳೆಯ ಕಾನೂನಿನ ಪ್ರಶ್ನೆ.

ಹೊಟ್ಟೆಪಾಡಿಗೆ ನಾನು ಡೇಟಾ ಸೈಂಟಿಸ್ಟ್. ನಮ್ಮ ಕೆಲಸದಲ್ಲಿ ಒಂದು ಹಳೆಯ ತಪ್ಪಿದೆ. ನಿಜವಾಗಿ ತಿಳಿಯಬೇಕಾದ ಸಂಗತಿಯನ್ನು ಅಳೆಯೋದು ಕಷ್ಟ ಅಂತ, ಸುಲಭವಾಗಿ ಅಳೆಯಬಹುದಾದ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸ್ತೀವಿ. ಸ್ವಲ್ಪ ದಿನ ಆದ ಮೇಲೆ ಅದು ಬದಲಿ ಅನ್ನೋದೇ ಮರೆತುಹೋಗುತ್ತೆ. ಮನುಷ್ಯರು ಮನುಷ್ಯರಿಗೆ ಮಾಡುವ ಹಿಂಸೆಯ ವಿಷಯದಲ್ಲಿ ಕಾನೂನು ಮಾಡಿರೋದೂ ಇದನ್ನೇ. ತಿಳಿಯಬೇಕಾದ್ದು ಹಿಂಸೆ, ಅಳೆದದ್ದು ಮೂಳೆ.

ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಪಾಸಾಗಿ, 1862ರ ಜನವರಿ 1ರಂದು ಜಾರಿಗೆ ಬಂತು. ಅದರ 320ನೇ ಸೆಕ್ಷನ್ ‘ಗಂಭೀರ ಗಾಯ’ ಅಂದರೇನು ಅಂತ ಎಂಟು ಬಾಬ್ತುಗಳಲ್ಲಿ ಪಟ್ಟಿ ಮಾಡುತ್ತೆ. ಪುರುಷತ್ವ ಹರಣ. ಒಂದು ಕಣ್ಣು ಶಾಶ್ವತವಾಗಿ ಹೋಗುವುದು. ಒಂದು ಕಿವಿ ಹೋಗುವುದು. ಅಂಗವೋ ಕೀಲೋ ಹೋಗುವುದು. ಅದರ ಶಕ್ತಿ ಹೋಗುವುದು. ತಲೆ ಅಥವಾ ಮುಖ ಶಾಶ್ವತವಾಗಿ ವಿರೂಪವಾಗುವುದು. ಮೂಳೆ ಅಥವಾ ಹಲ್ಲು ಮುರಿಯುವುದು, ಜಾರುವುದು. ಎಂಟನೆಯದು, ಪ್ರಾಣಕ್ಕೆ ಅಪಾಯ ತರುವ ಗಾಯ, ಅಥವಾ ಇಪ್ಪತ್ತು ದಿನ ತೀವ್ರ ನೋವು ಕೊಡುವ, ಇಲ್ಲವೇ ದಿನದ ಕೆಲಸ ಮಾಡೋಕಾಗದಂತೆ ಮಾಡುವ ಗಾಯ. ಈ ಪಟ್ಟಿಯಲ್ಲಿ ಇಲ್ಲದ್ದು ‘ಸಾಧಾರಣ’.

ಇದು ಬರೀ ಪುಸ್ತಕದ ಮಾತಲ್ಲ. ಊರಿನಲ್ಲಿ ಹೊಡೆದಾಟ ಆಗಿ ಆಸ್ಪತ್ರೆಗೆ ಹೋದವರಿಗೆ ಗೊತ್ತು, ಗಾಯದ ಸರ್ಟಿಫಿಕೇಟಿನಲ್ಲಿ ಡಾಕ್ಟರು ‘ಸಿಂಪಲ್’ ಅಂತ ಬರೀತಾರಾ ‘ಗ್ರೀವಿಯಸ್’ ಅಂತ ಬರೀತಾರಾ ಅನ್ನೋದರ ಮೇಲೆ ಇಡೀ ಕೇಸು ನಿಂತಿರುತ್ತೆ. ಕೈಯಿಂದ ಹೊಡೆದ ಸಾಧಾರಣ ಗಾಯವಾದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. ಗರಿಷ್ಠ ಶಿಕ್ಷೆ ಒಂದು ವರ್ಷ. ಅದೇ ಏಟಿಗೆ ಒಂದು ಹಲ್ಲು ಮುರಿದರೆ ಗಂಭೀರ ಗಾಯದ ಸೆಕ್ಷನ್, ಏಳು ವರ್ಷದವರೆಗೆ ಜೈಲು. ಹೊಡೆದವನ ಉದ್ದೇಶ, ಹೊಡೆಸಿಕೊಂಡವರ ಭಯ ಎರಡೂ ಹಾಗೇ ಇದ್ದರೂ, ಹಲ್ಲು ಗಟ್ಟಿಯಾಗಿತ್ತಾ ಇಲ್ಲವಾ ಅನ್ನೋದು ಕೇಸಿನ ದಾರಿ ಬದಲಿಸಬಹುದು.

2024ರ ಜುಲೈ 1ರಂದು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಸಾಹತು ಕಾಲದ ಕಾನೂನಿಗೆ ವಿದಾಯ ಅಂತ ದೊಡ್ಡ ಸುದ್ದಿ ಆಯ್ತು. ನಾನು ಆಸೆಯಿಂದ ಗಂಭೀರ ಗಾಯದ ವ್ಯಾಖ್ಯೆ ತೆಗೆದು ನೋಡಿದೆ. ಈಗ ಅದು 116ನೇ ಸೆಕ್ಷನ್. ಅದೇ ಎಂಟು ಬಾಬ್ತು. ಆದ ದೊಡ್ಡ ಬದಲಾವಣೆ ಅಂದರೆ ಇಪ್ಪತ್ತು ದಿನ ಇದ್ದದ್ದು ಹದಿನೈದು ದಿನ ಆಗಿದೆ. ಶಾಶ್ವತ ಅಂಗವೈಕಲ್ಯ ಉಂಟುಮಾಡಿದರೆ ಹೆಚ್ಚಿನ ಶಿಕ್ಷೆ ಅಂತ ಸೇರಿಸಿದ್ದಾರೆ, ಅದು ಒಳ್ಳೆಯದೇ. ಆದರೆ ಮನಸ್ಸು ಅನ್ನೋದು ಈ ಎಂಟರ ಹತ್ತಿರವೂ ಸುಳಿದಿಲ್ಲ. ಮೆಕಾಲೆಯ ಅಳತೆಗೋಲನ್ನು ಐದು ದಿನದಷ್ಟು ಕತ್ತರಿಸಿ, ಇದು ನಮ್ಮದೇ ಅಂದುಬಿಟ್ಟೆವು.

ಹಾಗಾದರೆ ಮೆಕಾಲೆಯ ತವರಿನಲ್ಲಿ ಏನಾಯ್ತು? ಅಲ್ಲಿನ ಕಾನೂನು 1861ರದು, ಇವತ್ತಿಗೂ ಜಾರಿಯಲ್ಲಿದೆ, ಮತ್ತು ನಮ್ಮದಕ್ಕಿಂತ ಗೊಜ್ಜಾಗಿದೆ. 47ನೇ ಸೆಕ್ಷನ್ನಿನ ‘ದೈಹಿಕ ಹಾನಿ’ಗೂ ಅದಕ್ಕಿಂತ ಗಂಭೀರವಾದ 20ನೇ ಸೆಕ್ಷನ್ನಿನ ಹಾನಿಗೂ ಗರಿಷ್ಠ ಶಿಕ್ಷೆ ಒಂದೇ, ಐದು ವರ್ಷ. ಇದನ್ನು ತೆಗೆದು ಹೊಸದು ಬರೀರಿ ಅಂತ ಅವರದೇ ಕಾನೂನು ಆಯೋಗ 1993ರಲ್ಲಿ ಹೇಳಿತು, 2015ರಲ್ಲಿ ಮತ್ತೆ ಹೇಳಿತು. ಯಾರೂ ಬರೀಲಿಲ್ಲ. ಆದರೆ ಅಲ್ಲಿ ‘ಗಂಭೀರ ಹಾನಿ’ಗೆ ನಮ್ಮಂಥ ಎಂಟು ಬಾಬ್ತಿನ ಪಟ್ಟಿ ಇರಲಿಲ್ಲ. ಪಟ್ಟಿ ಇಲ್ಲದ್ದರಿಂದ ನ್ಯಾಯಾಧೀಶರಿಗೆ ಪದವನ್ನು ಹಿಗ್ಗಿಸೋಕೆ ಜಾಗ ಇತ್ತು.

1997ರಲ್ಲಿ ಹೌಸ್ ಆಫ್ ಲಾರ್ಡ್ಸ್ ಎರಡು ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿತು, ಐರ್ಲೆಂಡ್ ಮತ್ತು ಬರ್ಸ್ಟೋ. ಐರ್ಲೆಂಡ್ ಅನ್ನೋದು ಇಲ್ಲಿ ಆರೋಪಿಯ ಹೆಸರು. ಅವನು ಮೂವರು ಹೆಂಗಸರಿಗೆ ಪದೇ ಪದೇ ಫೋನ್ ಮಾಡಿ ಸುಮ್ಮನೆ ಇರುತ್ತಿದ್ದ. ಮಾತಿಲ್ಲ, ಮುಟ್ಟಿಲ್ಲ. ಈಗಲೇ ಏನಾದರೂ ಮಾಡಿಬಿಡ್ತಾನೆ ಅನ್ನೋ ಭಯ ಹುಟ್ಟಿಸಿದರೆ ಮೌನವೂ ಹಲ್ಲೆ ಆಗಬಹುದು, ಮನೋರೋಗವೂ ದೈಹಿಕ ಹಾನಿಯೇ ಅಂತ ನ್ಯಾಯಾಲಯ ಹೇಳಿತು. ಇದರ ಎದುರಿಗೆ ನಮ್ಮ ಸಂಹಿತೆಯನ್ನು ಇಟ್ಟು ನೋಡಿ. ಹಲ್ಲೆಯ ವ್ಯಾಖ್ಯೆಗೆ 1860ರಲ್ಲೇ ಒಂದು ವಿವರಣೆ ಅಂಟಿಸಿದ್ದಾರೆ: ಬರೀ ಮಾತು ಹಲ್ಲೆಯಾಗುವುದಿಲ್ಲ. ಕೊಟ್ಟ ಉದಾಹರಣೆಗಳಲ್ಲಿ ಒಂದು, ಉಗ್ರ ನಾಯಿಯ ಬಾಯಿಕುಕ್ಕೆ ಬಿಚ್ಚೋಕೆ ಶುರುಮಾಡುವುದು. ನಾಯಿ ಹೊಸ ಸಂಹಿತೆಯಲ್ಲೂ ಇದೆ. ಬೆದರಿಕೆಗೆ ಬೇರೆ ಸೆಕ್ಷನ್ ಇದೆ, ಒಪ್ಪಿದೆ. ಆದರೆ ‘ಗಾಯ’ ಅನ್ನೋ ಮನೆಯೊಳಕ್ಕೆ ಮಾತಿಗೆ ಪ್ರವೇಶ ಸಿಕ್ಕಿಲ್ಲ.

ಸಿಗಬಹುದಿತ್ತು. ಸಾಧಾರಣ ಗಾಯದ ವ್ಯಾಖ್ಯೆಯಲ್ಲಿ ನೋವು, ರೋಗದ ಜೊತೆ ‘ಅಶಕ್ತತೆ’ ಅನ್ನೋ ಪದ ಇದೆ. ಮನಸ್ಸಿನ ಸ್ಥಿತಿಯೂ, ದಿಗಿಲು ಕೂಡ, ಅದರೊಳಗೆ ಬರುತ್ತೆ ಅಂತ 1944ರಷ್ಟು ಹಿಂದೆಯೇ ಸಿಂಧ್‌ನ ನ್ಯಾಯಾಲಯ ಹೇಳಿತ್ತು. ಹೊಸ ಸಂಹಿತೆ ಬರೆದವರು ಅದೊಂದು ಎಳೆ ಹಿಡಿದು ವ್ಯಾಖ್ಯೆಯೊಳಗೇ ಸ್ಪಷ್ಟವಾಗಿ ಬರೆಯಬಹುದಿತ್ತು.

ಇಂಗ್ಲೆಂಡನ್ನು ಹೊಗಳೋಕೆ ಇದನ್ನು ಹೇಳ್ತಿಲ್ಲ. 2006ರಲ್ಲಿ ಅಲ್ಲಿ ಎರಡು ತೀರ್ಪು ಬಂದವು. ಒಬ್ಬ ತನ್ನ ಮಾಜಿ ಗೆಳತಿಯ ಜುಟ್ಟನ್ನು ಕತ್ತರಿಯಿಂದ ಕತ್ತರಿಸಿದ್ದ. ಕೂದಲೂ ದೇಹದ ಭಾಗ, ಇದು ದೈಹಿಕ ಹಾನಿ ಅಂತ ಹೈಕೋರ್ಟ್ ಹೇಳಿತು. ಅದೇ ವರ್ಷ ಧಾಲಿವಾಲ್ ಪ್ರಕರಣ. ಗಂಡನ ವರ್ಷಗಳ ಹಿಂಸೆಯ ನಂತರ ಹೆಂಡತಿ ಜೀವ ತೆಗೆದುಕೊಂಡಳು ಅನ್ನೋದು ಪ್ರಾಸಿಕ್ಯೂಷನ್ ವಾದ. ಅವಳ ಮನಸ್ಸಿಗೆ ಆದ ಹಾನಿ ವೈದ್ಯಕೀಯವಾಗಿ ಗುರುತಿಸಿದ ಮನೋರೋಗದ ಮಟ್ಟಕ್ಕೆ ಹೋಗಿರಲಿಲ್ಲ, ಹಾಗಾಗಿ ಅದು ದೈಹಿಕ ಹಾನಿಯಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ಕೂದಲು ಲೆಕ್ಕಕ್ಕೆ ಬಂತು, ಅವಳ ಯಾತನೆ ಬರಲಿಲ್ಲ.

ಹಳೆಯ ಪದವನ್ನು ಎಷ್ಟು ಹಿಗ್ಗಿಸಿದರೂ ಇದು ಒಳಗೆ ಬರಲ್ಲ ಅಂತ ಅಲ್ಲಿ ಕೊನೆಗೂ ಒಪ್ಪಿಕೊಂಡರು. 2015ರ ಕಾಯ್ದೆಯ 76ನೇ ಸೆಕ್ಷನ್ನಿನಲ್ಲಿ ಹೊಸ ಅಪರಾಧವನ್ನೇ ಸೃಷ್ಟಿಸಿದರು: ಆಪ್ತ ಅಥವಾ ಕುಟುಂಬ ಸಂಬಂಧದಲ್ಲಿ ಒಬ್ಬರನ್ನು ಹತೋಟಿಯಲ್ಲಿಟ್ಟುಕೊಂಡು ದಬ್ಬಾಳಿಕೆ ಮಾಡುವುದು. ಐದು ವರ್ಷದವರೆಗೆ ಶಿಕ್ಷೆ. ಮೂಳೆ ಮುರೀಬೇಕಿಲ್ಲ.

“ಭಯವನ್ನ ಹೇಗೆ ಅಳೀತೀರಿ?” ಅಂತ ಗೆಳೆಯರು ಕೇಳ್ತಾರೆ. ಆ ಸೆಕ್ಷನ್ ಓದಿ ಅಂತೀನಿ. ವರ್ತನೆ ಪದೇ ಪದೇ ಅಥವಾ ನಿರಂತರವಾಗಿ ನಡೆದಿರಬೇಕು. ಅದರಿಂದ ಕನಿಷ್ಠ ಎರಡು ಸಲವಾದರೂ ಹಿಂಸೆಯ ಭಯ ಹುಟ್ಟಿರಬೇಕು, ಇಲ್ಲವೇ ದಿನದ ಬದುಕು ಗಣನೀಯವಾಗಿ ಕೆಡುವಷ್ಟು ಕಳವಳ ಆಗಿರಬೇಕು. ಇಂಥ ಪರಿಣಾಮ ಆಗುತ್ತೆ ಅಂತ ಮಾಡಿದವನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ಡೇಟಾ ಕೆಲಸ ಮಾಡುವವಳಾಗಿ ಹೇಳ್ತೀನಿ, ‘ಹದಿನೈದು ದಿನ ತೀವ್ರ ನೋವು’ ಅನ್ನೋದಕ್ಕಿಂತ ಇದು ಒಳ್ಳೆಯ ಅಳತೆ. ಹದಿನಾಲ್ಕನೇ ದಿನದ ನೋವಿಗೂ ಹದಿನೈದನೇ ದಿನದ ನೋವಿಗೂ ನಡುವೆ ಗೆರೆ ಎಳೆಯೋದು ವಸ್ತುನಿಷ್ಠ, ಎರಡು ವರ್ಷದ ಬ್ಯಾಂಕ್ ದಾಖಲೆ, ಮೆಸೇಜು, ಲೊಕೇಶನ್ ಹಿಸ್ಟರಿ ನೋಡೋದು ವ್ಯಕ್ತಿನಿಷ್ಠ ಅನ್ನೋದು ಯಾವ ನ್ಯಾಯ?

“ನಮ್ಮಲ್ಲಿ 498ಎ ಇದೆಯಲ್ಲ, ಅದೇ ದುರ್ಬಳಕೆ ಆಗ್ತಿದೆ” ಅನ್ನೋದು ಎರಡನೇ ಆಕ್ಷೇಪ. 1983ರಲ್ಲಿ ಬಂದ ಆ ಸೆಕ್ಷನ್ (ಈಗ 85 ಮತ್ತು 86) ಮಾನಸಿಕ ಆರೋಗ್ಯವನ್ನು ಹೆಸರಿಸುತ್ತೆ, ನಿಜ. ಆದರೆ ಹೊಸ್ತಿಲು ಎಷ್ಟು ಎತ್ತರ ನೋಡಿ: ಆತ್ಮಹತ್ಯೆಗೆ ದೂಡುವಂಥ, ಅಥವಾ ಜೀವಕ್ಕೆ, ಅಂಗಕ್ಕೆ, ಆರೋಗ್ಯಕ್ಕೆ ಗಂಭೀರ ಅಪಾಯ ತರುವಂಥ ವರ್ತನೆ ಇರಬೇಕು, ಇಲ್ಲವೇ ಆಸ್ತಿ, ಹಣ ಕೊಡಿ ಅಂತ ಪೀಡಿಸಿರಬೇಕು. ಪಾಸ್‌ಪೋರ್ಟ್ ಬಚ್ಚಿಟ್ಟದ್ದು ಇದರಲ್ಲಿ ಎಲ್ಲಿ ಕೂರುತ್ತೆ? 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮಾತಿನ, ಭಾವನೆಯ, ಹಣಕಾಸಿನ ಹಿಂಸೆಯನ್ನು ಗುರುತಿಸುತ್ತೆ. ಅದು ಒಳ್ಳೆಯ ಕಾಯ್ದೆ, ಆದರೆ ಕೊಡೋದು ಮುಖ್ಯವಾಗಿ ರಕ್ಷಣಾ ಆದೇಶ, ಪರಿಹಾರ. ಆ ಆದೇಶ ಮುರಿದಾಗಲೇ ಅಪರಾಧ. ಇನ್ನು ದುರ್ಬಳಕೆಯ ವಿಷಯ. ವ್ಯಾಖ್ಯೆ ಮಸುಕಾದಷ್ಟೂ ದುರ್ಬಳಕೆ ಸುಲಭ. ಹಾಗಿದ್ದರೆ ವ್ಯಾಖ್ಯೆಯನ್ನು ಸ್ಪಷ್ಟವಾಗಿ ಬರೆಯೋಣ. ಇಂಗ್ಲೆಂಡಿನ ಸೆಕ್ಷನ್ ಗಂಡಸು, ಹೆಂಗಸು ಅನ್ನದೆ ಎಲ್ಲರಿಗೂ ಅನ್ವಯ ಆಗುತ್ತೆ. ಆಚೆಯವರ ಹಿತಕ್ಕೇ ಮಾಡಿದ್ದು, ಅದು ಸಮಂಜಸವಾಗಿತ್ತು ಅಂತ ತೋರಿಸೋಕೆ ಆರೋಪಿಗೂ ಅವಕಾಶ ಇಟ್ಟಿದೆ.

ನಾನಿರುವ ಕ್ಯಾಲಿಫೋರ್ನಿಯಾವೂ ಅರ್ಧ ದಾರಿಯಲ್ಲಿದೆ. ಇಲ್ಲಿನ ದಂಡ ಸಂಹಿತೆ 1872ರದು. ಒರಟಾಗಿ ಮುಟ್ಟಿದರೂ ಸಾಕು, ಅಪರಾಧ. ಸಂಗಾತಿಯ ಮೈಮೇಲೆ ಸಣ್ಣ ಗಾಯ ಮಾಡಿದರೂ 273.5ನೇ ಸೆಕ್ಷನ್. ಆದರೆ ಮುಟ್ಟಲೇಬೇಕು. ಹತೋಟಿಯ ಹಿಂಸೆ 2021ರ ಜನವರಿಯಿಂದ ಫ್ಯಾಮಿಲಿ ಕೋಡಿನಲ್ಲಿ ಬಂದಿದೆ, ಸ್ವತಂತ್ರ ಅಪರಾಧವಾಗಿ ಅಲ್ಲ, ನಿರ್ಬಂಧಕ ಆದೇಶ ಕೇಳೋಕೆ ಕಾರಣವಾಗಿ. ಅಲ್ಲಿ ಕೊಟ್ಟ ಉದಾಹರಣೆಗಳನ್ನು ಓದಿದಾಗ ನನ್ನ ಕೈ ತಣ್ಣಗಾಯ್ತು: ನೆಂಟರು ಸ್ನೇಹಿತರಿಂದ ದೂರ ಇಡುವುದು, ಓಡಾಟ, ಫೋನು, ಹಣದ ಮೇಲೆ ಕಣ್ಣಿಡುವುದು, ವಲಸೆಯ ಸ್ಥಿತಿಯನ್ನು ಹಿಡಿದು ಬೆದರಿಸುವುದು. ಪಾರ್ಕಿನಲ್ಲಿ ಅವಳು ಹೇಳಿದ ಪಟ್ಟಿ, ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ. ನಾನು “ಕೂತು ಮಾತಾಡಿ” ಅಂದಾಗ ಆ ಕಾನೂನು ಆಗಲೇ ಜಾರಿಯಲ್ಲಿತ್ತು. ಅರ್ಜಿಗೆ ಶುಲ್ಕವೂ ಇಲ್ಲ. ಟೊರೆನ್ಸ್ ಕೋರ್ಟು ನಮ್ಮ ಮನೆಯಿಂದ ಕಾಲು ಗಂಟೆಯ ದಾರಿ.

ಹಾಗಾಗಿ ತಪ್ಪನ್ನೆಲ್ಲ ಮೆಕಾಲೆಯ ತಲೆಗೆ ಕಟ್ಟೋಕೆ ನನಗೆ ಆಗಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನೋ ಗಾದೆಯನ್ನು ಯಾವ ಬ್ರಿಟಿಷನೂ ನಮಗೆ ಕಲಿಸಲಿಲ್ಲ. ಇಬ್ಬರೂ ಸಮ ಇರುವ ಮನೆಗೆ ಆ ಗಾದೆ ಸರಿ. ಉಣ್ಣೋಕೂ ಲೆಕ್ಕ ಕೊಡಬೇಕಾದ, ಮಲಗುವಾಗಲೂ ನಾಳೆ ಎಲ್ಲಿರ್ತೀನೋ ಅಂತ ನಡುಗಬೇಕಾದ ಮನೆಗೆ ಅದನ್ನು ಹೇಳಿದರೆ ನಾವೂ ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ ಹಾಗೆ. ನಮ್ಮ ಸಂಘಗಳಲ್ಲಿ ನಾಟಕಕ್ಕೆ ಸಮಿತಿ ಇದೆ, ಊಟಕ್ಕೆ ಸಮಿತಿ ಇದೆ. ಇಂಥ ಹುಡುಗಿ ಬಂದು ನಿಂತರೆ ಯಾರನ್ನು ಕೇಳಬೇಕು ಅಂತ ಮಾತ್ರ ಯಾರಿಗೂ ಗೊತ್ತಿರಲ್ಲ. “ಒಳ್ಳೆ ಹುಡುಗ ಕಣ್ರೀ, ಕುಡಿಯಲ್ಲ, ಹೊಡೆಯಲ್ಲ” ಅನ್ನೋದನ್ನು ನಾವು ಇನ್ನೂ ಸರ್ಟಿಫಿಕೇಟ್ ಥರ ಕೊಡ್ತೀವಿ.

ಎಂಟು ತಿಂಗಳಾದ ಮೇಲೆ ನಾನೇ ಅವಳಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ಆಮೇಲೆ ಕೇಳಿದ ಪ್ರಶ್ನೆ ಬೇರೆ: “ನಾಳೆ ಬೆಳಿಗ್ಗೆ ನಿಂಗೆ ಎಲ್ಲಿಗಾದ್ರೂ ಹೋಗ್ಬೇಕು ಅನ್ಸಿದ್ರೆ, ಯಾರ್ನೂ ಕೇಳ್ದೆ ಹೋಗೋಕಾಗುತ್ತಾ?”

ತುಂಬ ಹೊತ್ತು ಮಾತಿಲ್ಲ. ಆಮೇಲೆ ಅವಳು ಹೇಳಿದಳು, “ಸ್ಪೀಕರ್‌ನಲ್ಲಿದೆ ಅಕ್ಕ.”