ಮಳೆಯ ಲೆಕ್ಕ ಬದಲಾಯಿತು, ಯೋಜನೆಯ ಲೆಕ್ಕ?

ಮಳೆ ತಪ್ಪಿದರೆ ಅದು ಹಳ್ಳಿಯವರ ಪಾಡೆಂದು ಪೇಟೆಯವರು ಸುಮ್ಮನಿರುವ ಹಾಗಿಲ್ಲ. ಹತ್ತಿ ಒಣಗಿದರೆ ಜಿನ್ನಿಂಗ್ ಗಿರಣಿಯಲ್ಲಿ ಪಾಳಿ ಕಡಿತ; ಮೆಕ್ಕೆಜೋಳ ಬಾರದಿದ್ದರೆ ಮಂಡಿಯ ಹಮಾಲರಿಗೆ ಕೂಲಿಯಿಲ್ಲ; ಸುಗ್ಗಿಗೆ ತೀರಬೇಕಾದ ಉದ್ರಿ ಅಂಗಡಿಯವನ ಖಾತೆಯಲ್ಲೇ ಮುಂದಿನ ಸುಗ್ಗಿಯವರೆಗೆ ಕೊಳೆಯುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿ ಊರುಗಳನ್ನೇ ಮುಳುಗಿಸಿದವು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ಅದೇ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ನಮ್ಮ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲಿನಲ್ಲಿ, ಕೇಂದ್ರ ಬಿಡಿಸಿದ್ದು ಸುಮಾರು 3,450 ಕೋಟಿ. ಬೆಳೆ ಹೋದಮೇಲೆ ಪರಿಹಾರಕ್ಕೆ ಹೀಗೆ ಕೈಯೊಡ್ಡಿ ನಿಲ್ಲುವುದಕ್ಕಿಂತ, ಬದಲಾದ ಹವೆಗೆ ಹೊಲವನ್ನೂ ಕಾಡನ್ನೂ ಮೊದಲೇ ಅಣಿಮಾಡುವುದು ಮೇಲೆಂದು ಎಲ್ಲರೂ ಒಪ್ಪುತ್ತಾರೆ. ಕೇಂದ್ರ ಸರ್ಕಾರ 2015ರಲ್ಲಿ ಅದಕ್ಕೆಂದೇ ಒಂದು ರಾಷ್ಟ್ರೀಯ ನಿಧಿಯನ್ನೂ ತೆರೆದಿತ್ತು. 2022ರಲ್ಲಿ ಅದನ್ನು ಯೋಜನೆಗಳ ಪಟ್ಟಿಯಿಂದಲೇ ಕೈಬಿಟ್ಟಿತು!

ಹಣದ ಮಾತು ಹಾಗಿರಲಿ. ಯೋಜನೆಯನ್ನು ಯಾರು, ಯಾರಿಗಾಗಿ ಹಾಕುತ್ತಾರೆಂಬುದೇ ನಮ್ಮ ಪ್ರಶ್ನೆ. ಹಿಂದಿನದೊಂದನ್ನು ನೆನೆಯೋಣ. 1984ರಲ್ಲಿ ಸರ್ಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯವರೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದರು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಯುವುದು ಉದ್ದೇಶ. ಕಡತದಲ್ಲಿ ಅದು ಪಾಳು ಭೂಮಿ. ಹಳ್ಳಿಯ ಬಡವನಿಗೆ ಅದು ಮೇವು, ಸೌದೆ. ಬರ ಬಂದ ವರ್ಷ ದನದ ಜೀವ ಉಳಿಸುವ ಕೊನೆಯ ಆಸರೆ. ನೀಲಗಿರಿಯನ್ನು ದನ ಮುಟ್ಟುವುದಿಲ್ಲ. ನೆಡುವವರಿಗೆ ಅದೇ ಗುಣವಾಗಿ ಕಂಡಿತು! 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೆಂದರೆ ಇದೇ. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು.

ಕಾರ್ಖಾನೆಗೆ ಕಟ್ಟಿಗೆ ಬೇಡವೇ, ಅಲ್ಲಿ ದುಡಿಯುವವರೂ ನಮ್ಮವರಲ್ಲವೇ ಎಂದು ಕಾರ್ಮಿಕ ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಟ್ಟಿಗೆ ಬೇಕು, ಕೂಲಿಯೂ ಬೇಕು. ಆದರೆ ಅದಕ್ಕಾಗಿ ಭೂಮಿಯಿಲ್ಲದವನ ಎಮ್ಮೆಯ ಬಾಯಿಂದ ಮೇವು ಕಸಿಯಬೇಕಾಗಿರಲಿಲ್ಲ. ಕಸಿದದ್ದು ಮರವಲ್ಲ, ಊರನ್ನು ಕೇಳದೆ ಮೇಲಿಂದ ಹಾಕಿದ ಯೋಜನೆ. ಈಗ ಹವಾಮಾನದ ಹೆಸರಿನಲ್ಲಿ ಹಸಿರು ಹೆಚ್ಚಿಸಲು ಹೊರಟವರು ಲಕ್ಷ ಸಸಿ ನೆಟ್ಟೆವೆಂದರೆ ನಾವು ಕೇಳಬೇಕಾದದ್ದು ಎರಡು: ಮೂರನೆಯ ಬೇಸಿಗೆಗೆ ಎಷ್ಟು ಉಳಿದವು? ಆ ನೆಲದಲ್ಲಿ ಮೊದಲು ಮೇಯುತ್ತಿದ್ದದ್ದು ಯಾರ ದನ?

ತಿಳಿವಳಿಕೆಗೇನೂ ಕೊರತೆಯಿಲ್ಲ. ಕೋಲಾರ, ತುಮಕೂರು ಕಡೆಯ ರೈತ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಾನೆ. ಒಂದು ಹೋದರೆ ಇನ್ನೊಂದು ಮನೆಗೆ ಬರುತ್ತದೆ. ಸರ್ಕಾರವೂ ಕೆಲಸ ಮಾಡಿಲ್ಲವೆನ್ನಲಾಗದು. ವಿಶ್ವಬ್ಯಾಂಕಿನ ಸಾಲದಿಂದ 2012ರಿಂದ 2019ರವರೆಗೆ ನಡೆದ ಸುಜಲ ಯೋಜನೆಯ ಮೂರನೆಯ ಹಂತದಲ್ಲಿ, ಮಣ್ಣೆಷ್ಟು ಆಳ, ಎಷ್ಟು ನೀರು ಹಿಡಿದೀತು, ಯಾವ ಬೆಳೆ ಒಗ್ಗೀತು ಎಂದು ಹೊಲಹೊಲಕ್ಕೂ ಅಳೆದು ನಕ್ಷೆ ಬರೆದರು. ಒಳ್ಳೆಯ ಕೆಲಸ. ಸಾಲ ತೀರಿಸುವವರು ನಾವು; ಆದ್ದರಿಂದ ನಕ್ಷೆಯೂ ನಮ್ಮದು. ಅದನ್ನು ಪ್ರತಿ ಪಂಚಾಯತಿಯ ಗೋಡೆಗೆ ಹಚ್ಚಲಿ. ಗ್ರಾಮಸಭೆಯಲ್ಲಿ, ಕೂಲಿಯವರೂ ಹೆಂಗಸರೂ ಕುಳಿತಿರುವಾಗ, ಅದನ್ನು ಓದಿ ಹೇಳಲಿ. ಆಮೇಲೆ ಬೆಳೆ ಯಾವುದು, ಗಿಡ ಯಾವುದು, ಗೋಮಾಳವೆಷ್ಟು ಎಂಬುದು ಅಲ್ಲೇ ತೀರ್ಮಾನವಾಗಲಿ.

ಜಿಲ್ಲಾ ಯೋಜನಾ ಸಮಿತಿ ಎಂಬುದೊಂದು ಸಂವಿಧಾನದಲ್ಲೇ ಇದೆ. ಗಿರಣಿಯ ಯೂನಿಯನ್ನೂ ವರ್ತಕರ ಸಂಘವೂ ಕೂಡಿ ಅದಕ್ಕೆ ಈ ಬೇಡಿಕೆಯ ಮನವಿ ಕೊಡಲಿ, ಬಿತ್ತನೆಗೆ ಮುಂಚೆಯೇ.