ಮಕ್ಕಳ ಸೂಟಿಗೆ ಯಾವ ಊರು?

ಸೂಟಿ ಸಮೀಪಿಸಿತೆಂದರೆ ನಮ್ಮ ಗೃಹಸ್ಥರ ಮನೆಗಳಲ್ಲಿ ಒಂದು ಸಣ್ಣ ಮಂತ್ರಾಲೋಚನೆ ಪ್ರಾರಂಭವಾಗುತ್ತದೆ. ಈ ಸಲ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗತಕ್ಕದ್ದು ಎಂಬುದು ವಿಷಯ. ತಂದೆಯ ಮತ ಮೈಸೂರಿಗೆ, ತಾಯಿಯ ಮತ ತವರಿಗೆ, ಅಜ್ಜಿಯ ಮತ ಪಂಢರಪುರಕ್ಕೆ. ಯಾರ ಹೆಸರಿನಲ್ಲಿ ಈ ಸಭೆ ಸೇರಿದೆಯೋ ಆ ಏಳೆಂಟು ವರುಷದ ಪುಟ್ಟ ಸದಸ್ಯನು ಮಾತ್ರ ಅಂಗಳದಲ್ಲಿ ಗೋಲಿ ಆಡುತ್ತಿರುತ್ತಾನೆ. ಅವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದವನು ನಾನು. ಸೂಟಿ ಮುಗಿಸಿ ಬಂದ ಮಕ್ಕಳನ್ನು ‘ಏನು ನೋಡಿ ಬಂದಿರಿ?’ ಎಂದು ಕೇಳುವುದು ನನ್ನ ವಾಡಿಕೆ. ನಾಲ್ಕು ದಿನಗಳಲ್ಲಿ ಎಂಟು ಊರು ಸುತ್ತಿ ಬಂದ ಹುಡುಗನೊಬ್ಬ ಬಹಳ ಹೊತ್ತು ಯೋಚಿಸಿ, “ಮಂಗ್ಯಾ ನಮ್ಮ ಅವ್ವನ ಕೈಯಾಗಿಂದು ಬಾಳಿಹಣ್ಣು ಕಸ್ಗೊಂಡು ಹೋಯ್ತ್ರೀ ಸರ್” ಎಂದ. ಅರಮನೆ, ಅಣೆಕಟ್ಟು, ಉದ್ಯಾನ ಒಂದೂ ಅವನ ನೆನಪಿನಲ್ಲಿ ನಿಂತಿರಲಿಲ್ಲ. ಇದು ಹುಡುಗನ ದಡ್ಡತನವಲ್ಲ. ಆರರಿಂದ ಹತ್ತರ ಪ್ರಾಯದ ಮಗುವಿಗೆ ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಬೇಕಾಗಿಲ್ಲ; ಒಂದು ಘಟನೆ ಬೇಕು. ಮಂಗ ಹಣ್ಣು ಕಸಿದದ್ದು ಘಟನೆ. ಕಾವಲುಗಾರನ ಹಗ್ಗದಾಚೆಗೆ ಇದ್ದ ಸಿಂಹಾಸನ ಘಟನೆಯಲ್ಲ.

ಆದುದರಿಂದ ಸ್ಥಳವನ್ನು ಆರಿಸುವಾಗ ಅದರ ಪ್ರಸಿದ್ಧಿಯನ್ನು ಬಿಟ್ಟು ಮಗುವಿನ ಕೈಕಾಲುಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ನನ್ನ ನಮ್ರ ಅಭಿಪ್ರಾಯ. ಅಲ್ಲಿ ಅದು ಹತ್ತಬಹುದೇ, ಮುಟ್ಟಬಹುದೇ, ಕೂಗಬಹುದೇ? ಅಲ್ಲಿ ಕಂಡುದಕ್ಕೂ ಮನೆಯಲ್ಲಿ ಕಂಡುದಕ್ಕೂ ಏನಾದರೂ ನಂಟು ಉಂಟೇ? ಫ್ರಾನ್ಸಿನ ರೂಸೋ 1762ರಷ್ಟು ಹಿಂದೆಯೇ ತನ್ನ ‘ಎಮಿಲ್’ ಗ್ರಂಥದಲ್ಲಿ, ಮಗುವಿನ ಭೂಗೋಳವು ತಾನು ವಾಸಿಸುವ ಊರಿನಿಂದ ಮೊದಲಾಗಿ ನೆರೆಯ ಊರುಗಳಿಗೆ, ಹತ್ತಿರದ ಹೊಳೆಗಳಿಗೆ ಹಬ್ಬಬೇಕೆಂದು ವಾದಿಸಿದ್ದನು. ನಾವು ಮಾಡುತ್ತಿರುವುದು ಇದಕ್ಕೆ ತೀರ ವಿರುದ್ಧ. ಊರ ಹಳ್ಳ ಎಲ್ಲಿಗೆ ಹೋಗಿ ಸೇರುತ್ತದೆಂದು ಅರಿಯದ ಮಗುವಿಗೆ ಕಾವೇರಿಯ ಉಗಮವನ್ನು ತೋರಿಸಲು ಹೊರಡುತ್ತೇವೆ.

ನಮ್ಮ ಈ ಮೂರು ತಾಲ್ಲೂಕುಗಳನ್ನು ನೀರೇ ಒಂದು ದಾರದಲ್ಲಿ ಪೋಣಿಸಿದೆ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಅದೇ ಅಮರ್ಜೆ ಹರಿದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆಯಾದರೋ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸೊನ್ನದ ಬ್ಯಾರೇಜನ್ನು ದಾಟಿ, ಘತ್ತರಗಿಯ ಭಾಗ್ಯವಂತಿಯ ಗುಡಿಯನ್ನು ಸೋಕಿ, ಜೇವರ್ಗಿಯ ದಾರಿಯಲ್ಲಿ ಕಟ್ಟಿಸಂಗಾವಿಯ ಸೇತುವೆಯಡಿ ಹಾದು ಮುಂದೆ ಕೃಷ್ಣೆಗೆ ಸೇರುತ್ತದೆ. ಒಟ್ಟು 861 ಕಿಲೋಮೀಟರಿನ ಈ ಪಯಣದ ನಡುವಣ ಒಂದು ತುಣುಕು ನಮ್ಮ ಮಕ್ಕಳ ಪಾಲಿಗೆ ಬಂದಿದೆ. ಒಂದು ದಿನ ಕೊರಳ್ಳಿಯಲ್ಲಿ ನಿಂತ ನೀರನ್ನು ತೋರಿಸಿರಿ. ಇನ್ನೊಂದು ದಿನ ಗಾಣಗಾಪುರದ ಸಂಗಮದಲ್ಲಿ ‘ಅಂದು ನೋಡಿದ ನೀರು ಇದರೊಳಗೆ ಎಲ್ಲಿದೆ?’ ಎಂದು ಕೇಳಿರಿ. ಉತ್ತರ ಬೇಗನೆ ಬಾರದು. ಬಾರದಿರುವುದೇ ಒಳ್ಳೆಯದು.

ಗಾಣಗಾಪುರಕ್ಕೆ ನಮ್ಮವರು ಹೋಗುವುದಿಲ್ಲವೆಂದಲ್ಲ. ದತ್ತಾತ್ರೇಯನ ದರ್ಶನಕ್ಕೆ ಸಂಸಾರ ಸಮೇತರಾಗಿ ಹೋಗಿಯೇ ಹೋಗುತ್ತಾರೆ. ಆದರೆ ಅಲ್ಲಿ ಮಗುವು ಗಂಟುಮೂಟೆಗಳಲ್ಲಿ ಒಂದಾಗಿ ಸಾಲಿನಲ್ಲಿ ನಿಂತಿರುತ್ತದೆ. ಹಿರಿಯರ ಯಾತ್ರೆ ಹಿರಿಯರಿಗಿರಲಿ. ಅದರೊಳಗೆ ಮಗುವಿನದೆಂದು ಒಂದೆರಡು ಗಂಟೆ ಬಿಟ್ಟುಕೊಟ್ಟರೆ ಸಾಕು. ಹೊಳೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮರಳು ತೆಗೆದ ಗುಂಡಿಗಳು ಭೀಮೆಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುತ್ತವೆ. ಮಗುವಿನ ಕೈ ಹಿಡಿಯದೆ ಯಾರೂ ಅದನ್ನು ನೀರಿಗೆ ಇಳಿಸಬಾರದು.

ಜೇವರ್ಗಿಯಿಂದ ಹೊಳೆಯ ಜೊತೆಗೇ ಕೆಳಗೆ ಸಾಗಿದರೆ ಭೀಮೆಯ ದಂಡೆಯ ಮೇಲೆ ಸನ್ನತಿ ಸಿಕ್ಕುತ್ತದೆ. 1986ರಲ್ಲಿ ಇಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆದು, ಅದಕ್ಕೆ ಪೀಠವಾಗಿದ್ದ ಕಲ್ಲು ಬಯಲಿಗೆ ಬಂದಿತು. ನೋಡಿದರೆ ಅದು ಅಶೋಕನ ಶಾಸನ! ಯಾರೋ ಅದರ ನಡುವೆ ತೂತು ಕೊರೆದು ಮೂರ್ತಿಯನ್ನು ನಿಲ್ಲಿಸಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಒಂದು ಮಹಾಸ್ತೂಪದ ಅವಶೇಷಗಳೂ, ಅಶೋಕನ ಹೆಸರನ್ನೇ ಬ್ರಾಹ್ಮಿಯಲ್ಲಿ ಕೊರೆದಿರುವ ರಾಜದಂಪತಿಗಳ ಶಿಲ್ಪವೂ ದೊರೆತವು. ಮೂರನೆಯ ತರಗತಿಯ ಮಗುವಿಗೆ ಮೌರ್ಯರ ಆಡಳಿತವನ್ನು ವಿವರಿಸಬೇಡಿರಿ. ಗುಡಿ ಬಿದ್ದುದರಿಂದ ಅರಸನೊಬ್ಬ ಸಿಕ್ಕಿದ ಕತೆಯನ್ನಷ್ಟೇ ಹೇಳಿರಿ. ಊರಿಗೆ ಮರಳಿದ ಮೇಲೆ ಅದು ಎಷ್ಟು ಕಲ್ಲುಗಳನ್ನು ಮಗುಚಿ ನೋಡುವುದೋ ನೀವೇ ಕಾಣುವಿರಿ.

ಕಾಲವನ್ನು ಆರಿಸುವುದೂ ಸ್ಥಳವನ್ನು ಆರಿಸಿದಷ್ಟೇ ಮುಖ್ಯ. ನಮ್ಮ ಬಿಸಿಲು ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಉರಿಯುತ್ತದೆ, ಹೊಳೆಯೂ ಸೊರಗಿರುತ್ತದೆ. ಏಪ್ರಿಲ್ ಮೇ ತಿಂಗಳು ಅಜ್ಜಿಯ ಮನೆಯ ತಣ್ಣನೆಯ ಪಡಸಾಲೆಗೆ ಮೀಸಲಾಗಿರಲಿ. ಹೊರಗೆ ಹೊರಡುವುದಾದರೆ ದಸರೆಯ ಸೂಟಿಯೇ ಮೇಲು. ಆಗ ಮಳೆ ಹಿಂದೆ ಸರಿದು ಹೊಳೆ ತುಂಬಿರುತ್ತದೆ. ಹೊಲದಲ್ಲಿ ತೊಗರಿ ಆಳೆತ್ತರ ಬೆಳೆದಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆ ತನ್ನ ತಟ್ಟೆಗೆ ಬರುವ ಮೊದಲು ಹೇಗಿತ್ತೆಂದು ಪೇಟೆಯ ಮಗು ಆಗ ತಿಳಿಯಬಹುದು. ಎಳ್ಳ ಅಮಾವಾಸ್ಯೆಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಉಂಡು ಬರುವ ಆ ದಿನಕ್ಕಿಂತ ಮಗುವಿಗೆ ಒಪ್ಪುವ ವಿಹಾರವನ್ನು ಯಾವ ಪ್ರವಾಸದ ಸಂಸ್ಥೆಯೂ ಏರ್ಪಡಿಸಲಾರದು. ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ನಮ್ಮವರು ಆ ಒಂದು ದಿನಕ್ಕಾದರೂ ಮಕ್ಕಳನ್ನು ಊರಿಗೆ ಕರೆತರುವುದು ಲೇಸು.

ಸ್ವಲ್ಪ ದೂರ ಹೋಗಲೇಬೇಕೆನ್ನುವವರಿಗೆ ವಿಜಯಪುರದ ಗೋಲ್ ಗುಂಬಜ್ ಇದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿ ಅದೆಂಬುದನ್ನು ಮಗು ಮರೆತೀತು. ಏಳಂತಸ್ತಿನ ಮಿನಾರನ್ನು ಸ್ವಂತ ಕಾಲಿನಿಂದ ಹತ್ತಿದುದನ್ನೂ, ಗುಮ್ಮಟದ ಕೆಳಗೆ ತನ್ನ ಕೂಗು ತನಗೇ ಮತ್ತೆ ಮತ್ತೆ ಮರಳಿ ಬಂದುದನ್ನೂ ಎಂದಿಗೂ ಮರೆಯದು. ಹದಿನೈದು ವರುಷದೊಳಗಿನವರಿಗೆ ಅಲ್ಲಿ ಪ್ರವೇಶಶುಲ್ಕವೂ ಇಲ್ಲ. 2023ರ ಜೂನ್ ತಿಂಗಳಿನಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ಪ್ರಯಾಣ ಉಚಿತವಾಗಿದೆ. ಹೀಗಿರುವಲ್ಲಿ, ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಡುವ ಸಂಸಾರಕ್ಕೆ ಖರ್ಚಿನ ಭಯ ಹಿಂದಿನಷ್ಟು ಇರಲಾರದು.

‘ಹಾಗಾದರೆ ನಮ್ಮ ಮಕ್ಕಳು ಮಲೆನಾಡನ್ನೂ ಕಡಲನ್ನೂ ನೋಡುವುದು ಬೇಡವೇ?’ ಎಂದು ಯಾರಾದರೂ ಕೇಳಿಯಾರು. ಬೇಡವೆಂದು ಯಾರು ಹೇಳಿದರು? ಬಯಲುಸೀಮೆಯ ಮಗು ಒಮ್ಮೆಯಾದರೂ ಹಸುರು ಕಾಡನ್ನು ಕಣ್ತುಂಬ ಕಾಣತಕ್ಕದ್ದೇ. ನನ್ನ ವಾದ ಕ್ರಮದ ಕುರಿತಾದುದು. ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ಇದಕ್ಕೆ ಕಾರಣವೂ ಉಂಟು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕೊಟ್ಟ ವರದಿಯಲ್ಲಿ ಈ ಮೂರೂ ತಾಲ್ಲೂಕುಗಳು ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. ಪಟ್ಟಿ ಸರ್ಕಾರದ ಅನುದಾನಕ್ಕಾಗಿ ಮಾಡಿದುದು, ಬೇಕಾದುದೇ. ಆದರೆ ಅದರ ವಿಶೇಷಣ ಮಕ್ಕಳ ಮನಸ್ಸಿಗೂ ಅಂಟಿಕೊಂಡಿದೆ. ಚೆಲುವೆಂಬುದು ಬೇರೆ ಕಡೆ ಇರುವಂಥದು, ತಮ್ಮ ಊರು ಬಿಟ್ಟುಹೋಗಲು ಮಾತ್ರ ಯೋಗ್ಯವಾದುದು ಎಂದು ನಂಬಿ ಬೆಳೆಯುವ ಹುಡುಗರನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಸೂಟಿ ಬಂದೊಡನೆ ಊರಿನಿಂದ ಓಡಿಹೋಗುವ ನಾವು ಆ ನಂಬಿಕೆಗೆ ಸಾಕ್ಷಿ ಹೇಳಿದಂತಾಗುತ್ತದೆ.

ಇನ್ನೊಂದು ಬಗೆಯ ಮಕ್ಕಳೂ ನಮ್ಮ ತರಗತಿಗಳಲ್ಲಿದ್ದಾರೆ. ಕೂಲಿಗಾಗಿ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ತಂದೆತಾಯಿಯರ ಜೊತೆಗೆ ಹೋಗಿ ಬರುವ ಮಕ್ಕಳು. ಪ್ರವಾಸವೆಂದರೆ ಅವರಿಗೆ ಕಟ್ಟುತ್ತಿರುವ ಕಟ್ಟಡದ ಬದಿಯ ತಗಡಿನ ಗುಡಿಸಲು. ಸೂಟಿಗೆ ಎಲ್ಲಿಗೆ ಹೋಗೋಣವೆಂಬ ಆಲೋಚನೆ ಆ ಮನೆಗಳಲ್ಲಿ ಎಂದೂ ನಡೆಯದು. ನೀವು ನಿಮ್ಮ ಮಗುವನ್ನು ಸಂಗಮಕ್ಕೆ ಕರೆದೊಯ್ಯುವ ದಿನ ಅದರ ಬೆಂಚಿನಲ್ಲಿ ಕೂಡುವ ಅಂಥ ಒಂದು ಮಗುವನ್ನೂ ಜೊತೆಗೆ ಕರೆದುಕೊಂಡರೆ ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚು ಬೇಕಾದೀತು, ಅಷ್ಟೇ. ಇಬ್ಬರು ಮಕ್ಕಳು ಕೂಡಿ ನೋಡಿದುದು ಒಬ್ಬರೇ ನೋಡಿದುದಕ್ಕಿಂತ ಬಹುಕಾಲ ಮಾತಿನಲ್ಲಿ ಉಳಿಯುತ್ತದೆಂಬುದು ಶಿಕ್ಷಕರಿಗೆಲ್ಲ ತಿಳಿದ ಸಂಗತಿ.

ಹೀಗೆ ನಾಲ್ಕೈದು ಸೂಟಿಗಳು ಕಳೆಯಲಿ. ಮಗು ಹತ್ತು ಹನ್ನೊಂದರದಾಗಲಿ. ಆಮೇಲೆ ಕಡಲಿಗೆ ಕರೆದೊಯ್ಯಿರಿ. ಅಮರ್ಜೆ ಭೀಮೆಗೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ ಸೇರುವುದೆಂಬುದನ್ನು ಕಾಲುನಡಿಗೆಯಷ್ಟೇ ನಿಧಾನವಾಗಿ ಅರಿತ ಮಗು ಆ ನೀರನ್ನು ಬರಿಯ ಬೆರಗಿನಿಂದ ನೋಡಲಾರದು. ಇದರಲ್ಲಿ ನಮ್ಮ ಊರಿನದೂ ಸ್ವಲ್ಪ ಇದೆಯೆಂದು ತಾನಾಗಿ ಹೇಳೀತು.